ಬೋರಲು

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಕ್ರೇನಿನ ಮೇಲಿದ್ದಾಗ ಎಡಗಣ್ಣಿನೊಳಗೆ ಏನೋ ಒಡೆಯಿತು. ನೋವಿಲ್ಲ, ಸದ್ದಿಲ್ಲ. ಲೋಟದ ನೀರಿಗೆ ಶಾಯಿ ಹನಿ ಬಿಟ್ಟಂತೆ ಒಂದು ಕಪ್ಪು ಎಳೆ ಇಳಿಯಿತು, ಅದರ ಹಿಂದೆ ಇನ್ನೊಂದು. ಕ್ಯಾಬಿನ್ನಿನ ಗಾಜಿನ ಮೇಲೆ ಹಕ್ಕಿ ಗಲೀಜು ಮಾಡಿತೆಂದುಕೊಂಡು ಒರೆಸಲು ಕೈ ಎತ್ತಿದೆ. ತಲೆ ತಿರುಗಿಸಿದರೆ ಎಳೆಯೂ ಜೊತೆಗೆ ತಿರುಗಿತು.

ಕೊಕ್ಕೆಯಲ್ಲಿ ಕಬ್ಬಿಣದ ಸರಳಿನ ಕಟ್ಟು ತೂಗುತ್ತಿತ್ತು. ಕೆಳಗಿನ ಮಹಡಿಯ ಮೇಲೆ ಸರಳು ಕಟ್ಟುವವರು ತಲೆ ಎತ್ತಿ ಕಾಯುತ್ತಿದ್ದರು. ನೋಡುನೋಡುತ್ತಲೇ ಎಡಗಣ್ಣು ಪೂರ್ತಿ ಹೊಗೆಯಾಯಿತು. ಬಲಗಣ್ಣೊಂದರಲ್ಲಿ ನೋಡಿದರೆ ಕಟ್ಟು ಮಹಡಿಯ ಮೇಲಿದೆಯೋ ಅದರಾಚೆಗಿದೆಯೋ ಅಂದಾಜು ಸಿಗಲೊಲ್ಲದು. ಸಿಗ್ನಲ್ ಕೊಡುವವನನ್ನು ವಾಕಿಟಾಕಿಯಲ್ಲಿ ಕರೆದೆ. ಬಾಯಿಗೆ ಬಿಡುವೇ ಇಲ್ಲದ ಮನುಷ್ಯ. ಸೈಟಿನವರೆಲ್ಲ ಅವನನ್ನು ಗಿಣಿ ಎನ್ನುತ್ತಾರೆ.

“ಗಿಣಿ, ನಂಗೆ ಕಾಣ್ತಿಲ್ಲ.”

“ಬಿಸಿಲು ಹೊಡೀತಿದ್ಯಾ ಅಣ್ಣ?”

“ಬಿಸಿಲಲ್ಲ, ಕಣ್ಣು ಹೋಗಿದೆ. ಜನಾನ ಪಕ್ಕಕ್ಕೆ ಕಳಿಸು. ನೀನು ಹೇಳಿದ ಹಾಗೆ ಇಳಿಸ್ತೀನಿ.”

ಜನರನ್ನು ಪಕ್ಕಕ್ಕೆ ಸರಿಸುವ ಅವನ ಕೂಗು ಕೇಳಿತು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಬೇಕಾದಷ್ಟೇ ಮಾತಾಡಿದ. “ಎಡಕ್ಕೆ. ಇನ್ನೂ ಎಡಕ್ಕೆ. ನಿಲ್ಲಿ. ಇಳಿಸಿ. ನಿಧಾನ... ನಿಧಾನ ಅಣ್ಣ...” ಭಾರ ನೆಲ ಮುಟ್ಟಿ ಹಗ್ಗ ಸಡಿಲವಾದದ್ದು ಹಿಡಿಕೆಯಿಂದ ಅಂಗೈಗೇ ತಿಳಿಯಿತು. ಏಣಿಯನ್ನು ಕಾಲಿನಲ್ಲಿ ತಡವಿಕೊಂಡು ಇಳಿದೆ.

ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳದು ಎರಡನೆಯ ಪಾಳಿ, ಬಸ್ಸು ಓಡಿಸುತ್ತಿದ್ದಾಳೆ. ಸ್ಟಿಯರಿಂಗ್ ಹಿಡಿದಾಗ ಕೆಟ್ಟ ಸುದ್ದಿ ಕೊಡಬಾರದು. ನಾಳೆಗೆ ತಿಳಿಯಾಗಬಹುದು.

ಫೆಬ್ರವರಿ 5, ಬುಧವಾರ

ತಿಳಿಯಾಗಲಿಲ್ಲ.

ಕಣ್ಣಿನಾಸ್ಪತ್ರೆಗೆ ಹೆಂಡತಿಯೇ ಕರೆದುಕೊಂಡು ಹೋದಳು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು, ಗಂಟಲು ಮಾತ್ರ ಶೀತ ಹಿಡಿದವರಂತೆ ಒಡಕು. ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದಳು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದಳು. ಹೇಳಿದೆ. ಮಾತ್ರೆ ಸರಿಯಾಗಿ ತಗೋತೀರಾ ಎಂದಳು. ಗೋಡೆ ನೋಡಿದೆ.

ಹೆಂಡತಿಯೇ ಬಾಯಿಬಿಟ್ಟಳು. “ಕೆಲಸದ ದಿನ ತಗೊಳ್ಳಲ್ಲ ಮೇಡಂ. ಮಾತ್ರೆ ನುಂಗಿ ಊಟ ತಡ ಆದ್ರೆ ಮೇಲೆ ಕೈ ನಡುಗತ್ತಂತೆ.”

ನಿಜವೇ. ಅಲ್ಲಿ ಕೈ ನಡುಗಿದರೆ ಕೆಳಗೆ ಜನರಿದ್ದಾರೆ. ಊಟಕ್ಕೆಂದು ಇಳಿದು ಹತ್ತುವಷ್ಟರಲ್ಲಿ ಅರ್ಧ ಕೆಲಸ ನಿಂತಿರುತ್ತದೆ. ನೀರು ಕುಡಿದರೂ ಕಷ್ಟ, ಮೇಲೇನು ಶೌಚಾಲಯವಿದೆಯೇ?

ಕಣ್ಣಿನ ತುಂಬ ರಕ್ತ ಸೋರಿದೆಯಂತೆ. ಅದರ ಹಿಂದೆ ಗಾಯದ ಕಲೆಯಂಥ ಪೊರೆ ಬೆಳೆದು ರೆಟಿನಾ ಎಂಬ ಪರದೆಯನ್ನು ಕಣ್ಣಿನ ಹಿಂಗೋಡೆಯಿಂದ ಕೀಳುತ್ತಿದೆಯಂತೆ. ಸೋಮವಾರ ಆಪರೇಷನ್. ಬಲಗಣ್ಣಿಗೂ ಬಂದಿದೆ, ಅದಕ್ಕೆ ಆಮೇಲೆ ಲೇಸರ್.

“ಒಳಗೆ ಒಂದು ಗ್ಯಾಸಿನ ಗುಳ್ಳೆ ಬಿಡ್ತೀವಿ,” ಎಂದಳು ಡಾಕ್ಟರು. “ಗುಳ್ಳೆ ಯಾವಾಗಲೂ ಮೇಲಕ್ಕೇ ಏರೋದು. ನೀವು ಬೋರಲಾಗಿದ್ದರೆ ಅದು ಕಣ್ಣಿನ ಹಿಂಗೋಡೆಗೆ ಒತ್ತಿ, ರೆಟಿನಾನ ಅಂಟಿಸಿ ಇಡತ್ತೆ. ಎರಡು ವಾರ ಮುಖ ಕೆಳಗೆ. ಊಟ, ನಿದ್ದೆ, ಎಲ್ಲಾ.”

“ಎರಡು ವಾರಾನಾ?” ಎಂದೆ.

“ಮೇಲಿಂದ ಕೆಳಗೆ ನೋಡೋದು ನಿಮಗೇನು ಹೊಸದಾ?” ಎಂದಳು ಹೆಂಡತಿ. ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ.

ಫೆಬ್ರವರಿ 8, ಶನಿವಾರ

ಹೆಂಡತಿಗೆ ಇನ್ನು ರಜೆಯಿಲ್ಲ. ನೋಡಿಕೊಳ್ಳಲು ಅತ್ತೆ ಬರುತ್ತಾರಂತೆ.

ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳಿದೆ. ಹೆಂಡತಿ ಬಟ್ಟೆ ಮಡಿಸುತ್ತಾ ಕುಳಿತಳು. ಇದೇ ಅತ್ತೆ ನಮ್ಮ ಮದುವೆಯಾದಾಗಿನಿಂದ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದ ಮಾತು ನನಗೆ ಗೊತ್ತಿಲ್ಲವೇ? “ನಮ್ಮಳಿಯ ಮೇಲೇ ಇರೋದು, ಅವರಿಗೆ ಕೆಳಗಿನವರು ಕಾಣಲ್ಲ.” ಈಗ ಬಂದು ಕಣ್ತುಂಬ ನೋಡಲಿ.

ಫೆಬ್ರವರಿ 12, ಬುಧವಾರ

ಮಂಚದ ಅಂಚಿನಿಂದ ತಲೆ ಹೊರಗೆ ಚಾಚಿ, ಹಣೆಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು, ನೆಲದ ಮೇಲಿನ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪದಪ್ಪ, ಸಾಲು ಡೊಂಕು. ಬಲಗಣ್ಣು ಒಂದೇ ಒಂದು ಪುಟಕ್ಕೆ ಸುಸ್ತಾಗುತ್ತದೆ.

ಆಪರೇಷನ್ ಮುಗಿಯಿತು. ಪಟ್ಟಿ ತೆಗೆದ ಮೇಲೆ ಎಡಗಣ್ಣಿನಲ್ಲಿ ಬರೀ ಗುಳ್ಳೆ. ಕಪ್ಪು ಅಂಚಿನ ಒಂದು ತಟ್ಟೆ, ಅಲುಗಿದರೆ ಅಲುಗುತ್ತದೆ. ಕುತ್ತಿಗೆ ಕಲ್ಲಾಗಿದೆ. ಮೂಗಿನಿಂದ ನೀರು ನೇರ ನೆಲಕ್ಕೆ. ಊಟ ಮಾಡುವಾಗ ಮೇಜಿನ ಮೇಲೆ ಹಣೆಯಿಟ್ಟು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಚಮಚದಲ್ಲಿ ಬಾಯಿಗೆ ಎತ್ತಬೇಕು, ಕೆಳಗಿನಿಂದ ಮೇಲಕ್ಕೆ. ಸ್ನಾನವಿಲ್ಲ.

ಹೆಂಡತಿ ಕಣ್ಣಿಗೆ ಹನಿ ಹಾಕುವ ವೇಳಾಪಟ್ಟಿಯನ್ನು ಗೋಡೆಗೆ ಪಿನ್ನು ಚುಚ್ಚಿ ಹಾಕಿ ಕೆಲಸಕ್ಕೆ ಹೋದಳು. ಎರಡು ಪಿನ್ನು ಕೈ ಜಾರಿ ಬಿದ್ದವು. ಒಂದು ಸಿಕ್ಕಿತು ಎಂದಳು.

ನನ್ನ ಪಾಲಿಗೆ ಬಂದಿರುವುದು ನಾಲ್ಕು ಚೌಕ ನೆಲ. ಬಿಳಿ ಟೈಲು, ನಡುವೆ ಬೂದು ಗೆರೆ, ಒಂದು ಮೂಲೆಯಲ್ಲಿ ಸೀಳು.

ಫೆಬ್ರವರಿ 13, ಗುರುವಾರ

ಮನುಷ್ಯರೆಲ್ಲ ಪಾದಗಳಾಗಿದ್ದಾರೆ. ಹೆಂಡತಿಯ ಬಲಪಾದ ಬ್ರೇಕ್ ಒತ್ತಿ ಒತ್ತಿ ಅಗಲವಾಗಿದೆ. ಇಷ್ಟು ವರ್ಷ ಗಮನಿಸಿರಲಿಲ್ಲ. ಅತ್ತೆಯದು ಹಸಿರು ರಬ್ಬರ್ ಚಪ್ಪಲಿ, ಬಿರುಕುಬಿಟ್ಟ ಹಿಮ್ಮಡಿ. ಆ ಚಪ್ಪಲಿ ಇಡೀ ದಿನ ನಿಲ್ಲುವುದಿಲ್ಲ. ಮಾತೂ ನಿಲ್ಲುವುದಿಲ್ಲ.

“ಅಳಿಯಂದಿರೇ, ತಲೆ ಎತ್ತಬೇಡಿ. ಅಳಿಯಂದಿರೇ, ನಿದ್ದೆ ಬಂತಾ? ಹತ್ತಕ್ಕೆ ಸರಿಯಾಗಿ ನಾನು ಮಾತ್ರೆ ತಗೊಂಡೆ, ನೀವು ತಗೊಂಡ್ರಾ? ನನ್ನ ಸಕ್ಕರೆ ನೋಡಿ, ಹೇಳಿದ ಮಾತು ಕೇಳತ್ತೆ.”

ಗಿಣಿಯನ್ನು ಸಹಿಸಿಕೊಂಡೆ; ವಾಕಿಟಾಕಿಗೆ ಗುಂಡಿಯಿತ್ತು.

ಫೆಬ್ರವರಿ 14, ಶುಕ್ರವಾರ

ಕುತ್ತಿಗೆ.

ಫೆಬ್ರವರಿ 15, ಶನಿವಾರ

ಅತ್ತೆ ಬೇಕೆಂದೇ ಮಾಡುತ್ತಿದ್ದಾರೆ. ನಡೆದರೆ ಚಪ್ಪಲಿಯಿಂದ ಟಿಕ್ ಟಿಕ್ ಎಂಬ ಸದ್ದು. ನಿನ್ನೆಯಿಂದ ಶುರುವಾಗಿದೆ. ಅಡುಗೆಮನೆಯಿಂದ ಹಾಲಿಗೆ ಟಿಕ್ ಟಿಕ್, ಹಾಲಿನಿಂದ ನನ್ನ ತಲೆಯ ಹತ್ತಿರಕ್ಕೆ ಟಿಕ್ ಟಿಕ್. ಕಿವಿ ಮುಚ್ಚಿಕೊಂಡರೆ ಟವೆಲ್ ಜಾರುತ್ತದೆ.

“ಆ ಸದ್ದು ಏನು?” ಎಂದು ಕೇಳಿದೆ.

“ಯಾವ ಸದ್ದು?” ಎಂದರು. ಅವರಿಗೆ ತಮ್ಮ ಮಾತಿನ ನಡುವೆ ಬೇರೆ ಸದ್ದು ಕೇಳಿದ್ದು ಯಾವಾಗ?

ಹೆಂಡತಿ ಬಂದ ಮೇಲೆ ಅವಳಿಗೆ ಹೇಳಿದೆ, ನಿಮ್ಮಮ್ಮನನ್ನು ವಾಪಸು ಕಳಿಸು ಎಂದು. ಅವಳ ಪಾದಗಳು ನನ್ನ ಮುಖದ ಕೆಳಗೆ ಬಂದು ನಿಂತವು. “ಅಮ್ಮ ಹೋದ್ರೆ ನಾನು ಕೆಲಸ ಬಿಡಬೇಕು,” ಎಂದಳು. “ನಿಮ್ಮ ಕೆಲಸ ಏನಾಗತ್ತೋ ಗೊತ್ತಿಲ್ಲ. ನನ್ನದಾದರೂ ಇರಲಿ ಬಿಡಿ.” ಪಾದಗಳು ಹೋದವು.

ಫೆಬ್ರವರಿ 18, ಮಂಗಳವಾರ

ತಪಾಸಣೆಗೆ ಅತ್ತೆಯ ಜೊತೆ ಟ್ಯಾಕ್ಸಿಯಲ್ಲಿ ಹೋದೆ. ಮೊಣಕಾಲಿಗೆ ಹಣೆ ಒತ್ತಿಕೊಂಡು ಕುಳಿತಿದ್ದೆ, ವಾಂತಿ ಬರುವಂತಾಯಿತು. ದಾರಿಯುದ್ದಕ್ಕೂ ಅತ್ತೆ ಚಾಲಕನಿಗೆ ನನ್ನ ಕಾಯಿಲೆಯ ಕಥೆ ಹೇಳಿದರು, ಮೊದಲಿನಿಂದ.

ರೆಟಿನಾದ ಕೆಳಭಾಗ ಇನ್ನೂ ಸರಿಯಾಗಿ ಕೂತಿಲ್ಲವಂತೆ. ಇನ್ನೊಂದು ವಾರ ಹೆಚ್ಚಿಗೆ ಬೋರಲು. ನಾನು ಬೆರಳಲ್ಲಿ ದಿನ ಎಣಿಸಿದೆ. ಅತ್ತೆಯೇ ಡಾಕ್ಟರನ್ನು ಹಿಡಿದುಕೊಂಡರು.

“ಅಲ್ಲಮ್ಮ, ಸಕ್ಕರೆ ಅಂದ್ರೆ ಮೈಗೆ ಊಟ ತಾನೆ? ಊಟ ಜಾಸ್ತಿ ಆದ್ರೆ ಕಣ್ಣು ಯಾಕೆ ಹೋಗಬೇಕು?”

ಹೊರಗೆ ರೋಗಿಗಳು ಸಾಲುಗಟ್ಟಿದ್ದರು. ಆದರೂ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತಳು. ನನಗೆ ಕಂಡದ್ದು ಅವಳ ಬಿಳಿ ಶೂ ಮಾತ್ರ.

“ಕಣ್ಣಿನ ಒಳಗಿನ ರಕ್ತನಾಳಗಳು ಕೂದಲಿಗಿಂತ ಎಷ್ಟೋ ತೆಳು, ಅಮ್ಮ. ಅವುಗಳನ್ನ ಹೊರಗಿನಿಂದ ತಬ್ಬಿ ಹಿಡ್ಕೊಂಡಿರೋ ಜೀವಕೋಶಗಳಿವೆ. ನಾಳ ಬಿಗಿಯಾಗಿ ನಿಂತಿರೋದು ಆ ತಬ್ಬುಗೆಯಿಂದ. ಮೈಯಲ್ಲಿ ಬೇರೆ ಎಷ್ಟೋ ಜೀವಕೋಶಗಳು ತಮಗೆ ಸಾಕಾದ ಮೇಲೆ ಸಕ್ಕರೆಗೆ ಬಾಗಿಲು ಹಾಕ್ಕೋತಾವೆ. ಇವಕ್ಕೆ ಆ ಬಾಗಿಲಿಲ್ಲ. ರಕ್ತದಲ್ಲಿ ಎಷ್ಟು ಏರಿದೆಯೋ ಅಷ್ಟೂ ಒಳಗೆ ನುಗ್ಗತ್ತೆ. ಅದನ್ನ ಅರಗಿಸೋಕೆ ಹೋಗಿ ಒಳಗೊಳಗೇ ವಿಷ ಕಟ್ಕೊಂಡು ಒಂದೊಂದಾಗಿ ಸಾಯ್ತಾವೆ. ನರದ ಜೀವಕೋಶಗಳಿಗೂ ಅದೇ ಗತಿ.”

“ಆಮೇಲೆ?”

“ತಬ್ಬಿದ ಕೈ ಬಿಟ್ಟ ಕಡೆ ನಾಳ ಗುಳ್ಳೆಯ ಹಾಗೆ ಉಬ್ಬತ್ತೆ, ಸೋರತ್ತೆ. ಕೆಲವು ಕಡೆ ಮುಚ್ಚೇ ಹೋಗತ್ತೆ. ಉಸಿರು ಕಟ್ಟಿದ ರೆಟಿನಾ ಹೊಸ ನಾಳ ಬೆಳೆಸಿಕೊಳ್ಳತ್ತೆ, ಆದರೆ ಅವು ಗಟ್ಟಿಯಿಲ್ಲ. ಒಂದಿನ ಒಡೀತಾವೆ. ಇವರಿಗಾಗಿದ್ದು ಅದೇ.”

“ಇಷ್ಟೆಲ್ಲಾ ಆಗುವಾಗ ಗೊತ್ತಾಗಲ್ವಾ?”

“ನೋವೇ ಇಲ್ಲವಲ್ಲ. ನಿಮಗೂ ಸಕ್ಕರೆ ಇದೆ ಅಂತೀರಿ, ನಿಮ್ಮ ಕಣ್ಣೂ ಒಂದು ಸಲ ತೋರಿಸಿ.”

“ನಂಗೆ ಚೆನ್ನಾಗಿ ಕಾಣತ್ತೆ.”

“ಇವರಿಗೂ ಹಿಂದಿನ ದಿನದ ತನಕ ಚೆನ್ನಾಗೇ ಕಾಣ್ತಿತ್ತು.”

ಅತ್ತೆ ವಾಪಸು ಬರುವಾಗ ಮಾತಾಡಲಿಲ್ಲ. ಟ್ಯಾಕ್ಸಿಯವನಿಗೂ ಬೇಸರವಾಗಿರಬೇಕು.

ಬಾಗಿಲಿಲ್ಲದ ಕೋಶ. ನನಗೋ, ಮೂರು ಬಾಗಿಲಿನ ಮನೆ. ಒಂದರಿಂದಲೂ ಹೊರಗೆ ಹೋಗುವ ಹಾಗಿಲ್ಲ.

ಫೆಬ್ರವರಿ 19, ಬುಧವಾರ

ಗಿಣಿ ಫೋನ್ ಮಾಡಿದ್ದ. ಕ್ರೇನಿಗೆ ಹೊಸಬನನ್ನು ಹಾಕಿದ್ದಾರೆ. “ತಾತ್ಕಾಲಿಕ ಅಷ್ಟೇ ಅಣ್ಣ,” ಎಂದ. ಎರಡು ಸಲ ಎಂದ. ನನ್ನ ಸೀಟಿನ ಎತ್ತರವನ್ನು ಆ ಹೊಸಬ ಬದಲಾಯಿಸಿರುತ್ತಾನೆ. ಗಾಳಿ ಎದ್ದ ದಿನ ಕ್ರೇನಿನ ತೋಳು ಬಲಕ್ಕೆ ಸ್ವಲ್ಪ ಎಳೆಯುತ್ತದೆ, ಅದನ್ನು ಯಾರಾದರೂ ಹೇಳಿದರೋ ಇಲ್ಲವೋ.

ಟಿಕ್ ಟಿಕ್. ಟಿಕ್ ಟಿಕ್. ಈ ಮನೆಯಲ್ಲಿ ಹುಚ್ಚು ಹಿಡಿಯದೆ ಹೊರಗೆ ಬಂದರೆ ದೊಡ್ಡದು.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ನನ್ನ ನಾಲ್ಕು ಟೈಲುಗಳ ಮೇಲೆ ಒಂದು ಕಂದು ಕಲೆ ಕಂಡಿತು. ಚಹಾ ಚೆಲ್ಲಿದೆ ಎಂದುಕೊಂಡೆ. ಅತ್ತೆ ಬಂದು ಹೋದ ಮೇಲೆ ಅದರ ಪಕ್ಕ ಇನ್ನೊಂದು. ಮತ್ತೆ ಬಂದರು, ಮತ್ತೊಂದು. ಎಡಗಾಲು ಇಟ್ಟ ಕಡೆ ಮಾತ್ರ.

“ಅತ್ತೆ, ನಿಲ್ಲಿ. ಎಡಗಾಲು ತೋರಿಸಿ.”

“ಯಾಕೆ? ಏನಾಗಿದೆ ನನ್ನ ಕಾಲಿಗೆ?”

“ತೋರಿಸಿ ಅಂದೆ.”

“ಏನೂ ಆಗಿಲ್ಲ. ನೋವಿದ್ರೆ ನಂಗೆ ಗೊತ್ತಾಗಲ್ವಾ?”

ನೋವೇ ಇಲ್ಲವಲ್ಲ ಎಂದಿದ್ದಳು ಡಾಕ್ಟರು. ಮಂಚದಿಂದ ಜಾರಿ ಕೆಳಗಿಳಿದು, ತಲೆ ಎತ್ತದೆ, ಕೂಸು ತೆವಳಿದಂತೆ ನಾಲ್ಕು ಕಾಲಿನಲ್ಲಿ ಅವರತ್ತ ಹೋದೆ. ಅವರು ಗಾಬರಿಯಾಗಿ ಹಿಂದೆ ಹಿಂದೆ ಸರಿದು ಕುರ್ಚಿಗೆ ತಾಗಿ ಕೂತುಬಿಟ್ಟರು. “ಅಯ್ಯೋ ಬಿಡಿ, ಕಾಲು ಬಿಡಿ, ಏನಿದು ನಿಮ್ಮದು!” ಎನ್ನುತ್ತಿದ್ದರು. ಪಾದ ಹಿಡಿದು ಎತ್ತಿದೆ. ಚಪ್ಪಲಿಯೂ ಜೊತೆಗೆ ಎದ್ದು ಬಂತು, ಅಂಟಿಕೊಂಡಂತೆ. ಅಡಿಯಲ್ಲಿ ಹಿತ್ತಾಳೆಯ ಒಂದು ದುಂಡು ತಲೆ ಸವೆದು ಹೊಳೆಯುತ್ತಿತ್ತು. ಗೋಡೆಯ ಪಿನ್ನು. ತೆಳು ರಬ್ಬರನ್ನು ತೂರಿ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಇಷ್ಟು ದಿನ ಅದರ ಮೇಲೆಯೇ ನಡೆದಿದ್ದಾರೆ. ಅದರ ಮೇಲೆಯೇ ನಿಂತು ನನಗೆ ಸೂಪು ಕಾಸಿದ್ದಾರೆ.

ಚಪ್ಪಲಿ ಬಿಡಿಸಿದೆ. ವಾಸನೆ ಬಂತು. ಸುತ್ತಲೂ ಕೆಂಪೇರಿ ಊದಿಕೊಂಡಿತ್ತು. ನಾನು ಒತ್ತಿದರೂ ಅವರು ಕಾಲು ಎಳೆದುಕೊಳ್ಳಲಿಲ್ಲ.

“ಮುಟ್ಟಿದ್ದು ಗೊತ್ತಾಗ್ತಿದ್ಯಾ?” ಎಂದೆ.

“ನೀವು ಮುಟ್ಟಿದ್ದೀರಾ?” ಎಂದರು.

ಹೆಂಡತಿಯ ಫೋನು ಬಸ್ಸು ಓಡಿಸುವಾಗ ಬಂದ್ ಆಗಿರುತ್ತದೆ. ಗಿಣಿಗೆ ಮಾಡಿದೆ. ಸೈಟಿನ ವ್ಯಾನು ತಂದ. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಅತ್ತೆಯನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. “ಎಲ್ಲಿ ಕೈ ಹಾಕ್ತೀಯೋ, ಇಳಿಸೋ ನನ್ನ!” ಎಂಬ ಕೂಗು ಮೆಟ್ಟಿಲ ತಿರುವಿನಲ್ಲೆಲ್ಲ ಕೇಳಿತು. “ಸುಮ್ನಿರಿ ದೊಡ್ಡಮ್ಮ, ಇದಕ್ಕಿಂತ ಭಾರ ಇಳಿಸಿದ್ದೀವಿ ನಾವು,” ಎನ್ನುತ್ತಿದ್ದ ಅವನು.

ಆಮೇಲೆ ಮನೆ ನಿಶ್ಶಬ್ದವಾಯಿತು. ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಬರೆಯಲು ಒಳ್ಳೆಯ ಸಮಯ. ಯಾಕೋ ಏನೂ ತೋಚುತ್ತಿಲ್ಲ. ಟೈಲಿನ ಕಲೆಯನ್ನು ಉಗುಳು ಹಚ್ಚಿ ಒರೆಸಿದೆ.

ಫೆಬ್ರವರಿ 22, ಶನಿವಾರ

ಗಾಯ ಬಿಡಿಸಿ ಕೀವು ತೆಗೆದಿದ್ದಾರೆ. ಇನ್ನೊಂದು ವಾರ ಬಿಟ್ಟಿದ್ದರೆ ಮೂಳೆಗೆ ಇಳಿದು ಪಾದವೇ ಹೋಗುತ್ತಿತ್ತಂತೆ. ಅತ್ತೆಯ ಸಕ್ಕರೆ ಹೇಳಿದ ಮಾತು ಕೇಳುತ್ತಿರಲಿಲ್ಲ, ಬಹಳ ದಿನದಿಂದ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದರು, ರಕ್ತ ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲೇ ಇದ್ದಾಳೆ. ಮೇಲಿನ ಮನೆಯಾಕೆ ಊಟ ಕೊಟ್ಟು ಹೋದರು. ಅವರಿಗೆ ಹೆಚ್ಚು ಮಾತಿಲ್ಲ.

ಫೆಬ್ರವರಿ 26, ಬುಧವಾರ

ಅತ್ತೆ ನಿನ್ನೆ ಬಂದರು. ಎಡಪಾದಕ್ಕೆ ದಿಂಬಿನಷ್ಟು ದಪ್ಪ ಬ್ಯಾಂಡೇಜು. ಅದನ್ನು ನೆಲಕ್ಕೆ ಊರುವ ಹಾಗಿಲ್ಲ. ನನ್ನ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿ, ಸ್ಟೂಲಿನ ಮೇಲೆ ಕಾಲು ಚಾಚಿಸಿ ಕೂರಿಸಿದ್ದಾರೆ. ಈಗ ನನಗೆ ಕಾಣುವುದು ಒಂದೇ ಪಾದ.

ಹೆಂಡತಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳೆಂದು ಕಾಣುತ್ತದೆ. “ಒಬ್ಬರು ತಲೆ ಎತ್ತೋ ಹಾಗಿಲ್ಲ, ಇನ್ನೊಬ್ಬರು ಕಾಲಿಡೋ ಹಾಗಿಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಂದು ಆಳು ಆಗತ್ತೆ,” ಎಂದು ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಇದ್ದಳು. ಮುಖ ತೊಳೆಯಲು ಅಷ್ಟು ಹೊತ್ತು ಬೇಡ.

ಅವಳು ಹೋದ ಮೇಲೆ ಅತ್ತೆಗೆ ನೀರು ಬೇಕಾಯಿತು. ನಾನು ತಲೆ ತಗ್ಗಿಸಿಕೊಂಡು ಗೋಡೆ ಹಿಡಿದು ಅಡುಗೆಮನೆಗೆ ಹೋದೆ. ಅವರು ಕೂತಲ್ಲಿಂದಲೇ ದಾರಿ ಹೇಳಿದರು. “ಬಲಕ್ಕೆ. ಬಾಗಿಲ ಚೌಕಟ್ಟು ನೋಡ್ಕೊಳ್ಳಿ. ಹಾಂ, ಈಗ ನೇರ.” ಅರ್ಧ ನೀರು ನೆಲಕ್ಕೆ ಹೋಯಿತು. ಉಳಿದರ್ಧ ಕುಡಿದು, ಚೆನ್ನಾಗಿದೆ ಎಂದರು. ನೀರು ಚೆನ್ನಾಗಿರುವುದೇನು ಬಂತು!

ಫೆಬ್ರವರಿ 28, ಶುಕ್ರವಾರ

ಅತ್ತೆಗೆ ತಮ್ಮ ಪಾದದ ಅಡಿ ಕಾಣುವುದಿಲ್ಲ, ಬಗ್ಗಲಾಗುವುದಿಲ್ಲ. ನನಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಾಗಿ ಬಲಪಾದವನ್ನು ದಿನಾ ಬೆಳಿಗ್ಗೆ ನಾನೇ ನೋಡುತ್ತೇನೆ, ಬೆರಳ ಸಂದಿಯೆಲ್ಲ. ಮೊದಲು ನಾಚಿಕೊಂಡು ಸೆರಗು ಎಳೆದುಕೊಳ್ಳುತ್ತಿದ್ದರು. ಈಗ ತಾವೇ ಚಾಚುತ್ತಾರೆ.

ನನ್ನ ಸಕ್ಕರೆ ಅವರು ಪರೀಕ್ಷಿಸುತ್ತಾರೆ, ಅವರದು ನಾನು. ಇವತ್ತು ನನ್ನದು ಕಡಿಮೆ ಬಂತು. “ಗೆದ್ದೆ ಅಂತ ಬೀಗಬೇಡಿ,” ಎಂದರು.

ಮಾರ್ಚ್ 3, ಸೋಮವಾರ

ತಲೆ ಎತ್ತಿದೆ.

ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ತಲೆ ಸುತ್ತಿತು, ಅಷ್ಟೇ. ಎಡಗಣ್ಣಿನಲ್ಲಿ ಗುಳ್ಳೆ ಅರ್ಧಕ್ಕಿಳಿದು, ಬಾಟಲಿಯೊಳಗಿನ ನೀರಿನಂತೆ ತುಳುಕುತ್ತಿದೆ. ಅದರಾಚೆ ಏನಿದೆಯೋ ತಿಳಿಯದು. ಹೆಂಡತಿ ಕೈ ಆಡಿಸಿ, “ಕಾಣತ್ತಾ? ಕಾಣತ್ತಾ?” ಎಂದು ಕೇಳುತ್ತಲೇ ಇದ್ದಳು. ಕಾಣುತ್ತದೆ ಎಂದೆ. ಬಲಗಣ್ಣಿನಲ್ಲಿ ಕಂಡದ್ದನ್ನೇ ಹೇಳಿದೆ.

ಅತ್ತೆ ಬಹಳ ಸಣ್ಣಗಾಗಿದ್ದಾರೆ. ಧ್ವನಿಯಿಂದ ಅದು ಗೊತ್ತಾಗಿರಲಿಲ್ಲ.

ಮಾರ್ಚ್ 11, ಮಂಗಳವಾರ

ಗುಳ್ಳೆ ಕರಗಿದೆ. ಎಡಗಣ್ಣಿಗೆ ಉಳಿದದ್ದು ಡಾಕ್ಟರ ಕೈಬೆರಳು ಎಣಿಸುವಷ್ಟು, ಅದೂ ಹತ್ತಿರದಿಂದ. ರೆಟಿನಾ ಅಂಟಿಕೊಂಡಿದೆ, ಆದರೆ ಅದರ ಜೀವಕೋಶಗಳು ಎಂದೋ ಸತ್ತಿವೆ. ಬಲಗಣ್ಣಿಗೆ ಲೇಸರಿನ ಮೊದಲ ಸುತ್ತು ಇವತ್ತೇ ಮಾಡಿದಳು. ಅದು ಉಳಿಯಬಹುದಂತೆ.

“ಕ್ರೇನು?” ಎಂದೆ.

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. “ದೂರ, ಆಳ ಅಳೆಯೋಕೆ ಎರಡು ಕಣ್ಣೂ ಬೇಕಲ್ವಾ? ನಾನು ಆಗಲ್ಲ ಅಂತಲೇ ಬರೀಬೇಕು.”

“ಈಗ ಎಲ್ಲಾ ಸರಿಯಾಗಿ ಮಾಡ್ತಿದ್ದೀನಿ ಮೇಡಂ. ಮಾತ್ರೆ, ಊಟ. ಸಕ್ಕರೆ ಇಳಿದಿದೆ, ನೋಡಿ ಬೇಕಾದ್ರೆ.”

“ನೋಡಿದೆ. ಚೆನ್ನಾಗಿ ಇಳಿಸಿದ್ದೀರಿ. ಆದರೆ ಕಣ್ಣು ಹಳೇ ಸಕ್ಕರೆನ ಬೇಗ ಮರೆಯಲ್ಲ. ಈಗ ಮಾಡ್ತಿರೋದು ಬಲಗಣ್ಣಿಗೆ. ಹೋಗಿದ್ದಕ್ಕಲ್ಲ.”

ಹೊರಗೆ ಬಂದು ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ನಿಂತೆ. ಎಲ್ಲಿಗೆ ಹೋಗಲೂ ಈಗ ಅಡ್ಡಿಯಿಲ್ಲ. ಎಲ್ಲಿಗೆ ಹೋಗುವುದು? ಹದಿಹರೆಯ ದಾಟಿದಾಗಿನಿಂದ ಆ ಕ್ಯಾಬಿನ್ನು ಬಿಟ್ಟು ಬೇರೆ ಕಡೆ ಕೂತವನಲ್ಲ.

ಮಾರ್ಚ್ 12, ಬುಧವಾರ

ಇವತ್ತು ಬರೆಯುವುದು ಏನೂ ಇಲ್ಲ.

ಮಾರ್ಚ್ 15, ಶನಿವಾರ

ಮಂಚ ಬಿಟ್ಟು ಏಳಲಿಲ್ಲ. ಅಭ್ಯಾಸಬಲ, ಬೋರಲಾಗಿಯೇ ಮಲಗಿದ್ದೆ. ಅತ್ತೆ ಊರುಗೋಲು ಊರಿಕೊಂಡು ಬಂದು, ಸಕ್ಕರೆ ನೋಡಲು ಬೆರಳು ಕೊಡಿ ಎಂದರು. ಕೊಡುವುದಿಲ್ಲ ಎಂದೆ. ಕೊಡಿ ಎಂದರು.

“ಯಾಕೆ ಕೊಡಬೇಕು? ಏನು ಉಳಿದಿದೆ ಅಂತ?” ಕೂಗಿಬಿಟ್ಟೆ. “ನಿಮಗೇನು ಗೊತ್ತು ನನ್ನ ಸಂಕಟ!”

“ಕಾಲಿಗೆ ಮೊಳೆ ಹೊಕ್ಕರೇ ಗೊತ್ತಾಗದವಳಿಗೆ ಏನು ಗೊತ್ತಾಗತ್ತೆ, ಹೇಳಿ,” ಎಂದರು ಅತ್ತೆಯೂ ಅಷ್ಟೇ ಜೋರಾಗಿ.

ಯಾರು ಮೊದಲು ನಕ್ಕರೋ ತಿಳಿಯದು. ನಗು ನಿಂತ ಮೇಲೆ ಅವರು ಮಂಚದ ತುದಿಯಲ್ಲಿ ಕೂತರು.

“ಆಪರೇಷನ್ ಮಾಡುವಾಗ ನೋವಾಗಬಾರದು ಅಂತ ಸೂಜಿ ಚುಚ್ತೀವಿ ಅಂದ್ರು,” ಎಂದರು. “ಆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಅಳಿಯಂದಿರೇ. ಆಗ ಭಯ ಆಯ್ತು. ಕಾಲು ಅಲ್ಲೇ ಇದೆ, ನನ್ನದಲ್ಲ. ಇನ್ನೂ ಏನೇನು ಹೀಗೆ ಹೇಳದೇ ಕೇಳದೇ ಹೊರಟು ಹೋಗಿದ್ಯೋ ಅಂತ. ಮಗಳಿಗೆ ಹೇಳಿಲ್ಲ.”

ಬೆರಳು ಕೊಟ್ಟೆ. ಅವರು ಚುಚ್ಚಿದರು. ನೋವಾಯಿತು.

“ನಿಮ್ಮ ಕಣ್ಣು ತೋರಿಸಬೇಕು,” ಎಂದೆ. “ಗುರುವಾರ ನನಗೂ ಹೋಗೋದಿದೆ. ಒಟ್ಟಿಗೆ ಹೋಗೋಣ.”

ಬೇಡ ಎನ್ನಲಿಲ್ಲ. ಯಾವ ಸೀರೆ ಉಡಲಿ ಎಂದು ಕೇಳಿದರು.

ಮಾರ್ಚ್ 20, ಗುರುವಾರ

ಅತ್ತೆಯ ಎರಡೂ ಕಣ್ಣಿನಲ್ಲಿ ಉಬ್ಬುಗಳು ಶುರುವಾಗಿವೆ. ಬಲಗಣ್ಣಿನಲ್ಲಿ ಒಂದು ಕಡೆ ಸೋರಿಕೆಯೂ ಇದೆ, ಸದ್ಯ ದೃಷ್ಟಿಯ ನಡುಬಿಂದುವಿನಿಂದ ದೂರ. ಸರಿಯಾದ ಸಮಯಕ್ಕೆ ತಂದಿದ್ದೀರಿ ಎಂದಳು ಡಾಕ್ಟರು. ಸದ್ಯಕ್ಕೆ ಸಕ್ಕರೆ, ರಕ್ತದೊತ್ತಡ ಹಿಡಿತದಲ್ಲಿರಬೇಕು. ಆರು ತಿಂಗಳಿಗೆ ಮತ್ತೆ ನೋಡುತ್ತಾಳಂತೆ, ಆಗ ಹೆಚ್ಚಿದ್ದರೆ ಚುಚ್ಚುಮದ್ದು. ಕತ್ತಲ ಕೋಣೆಯಲ್ಲಿ ಯಂತ್ರಕ್ಕೆ ಗದ್ದವಿಟ್ಟು ಕೂತಾಗ ಅತ್ತೆ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು. ಡಾಕ್ಟರು ಅಲುಗಬೇಡಿ ಎಂದದ್ದಕ್ಕೆ ಇರಬೇಕು.

ನನ್ನ ಬಲಗಣ್ಣು ಸದ್ಯಕ್ಕೆ ಪರವಾಗಿಲ್ಲ.

ಇಬ್ಬರಿಗೂ ಹನಿ ಹಾಕಿದ್ದರು. ಹೊರಗೆ ಕಾಲಿಟ್ಟರೆ ರಸ್ತೆಯೆಲ್ಲ ಬೆಳ್ಳಗೆ ಉರಿಯುತ್ತಿತ್ತು. ವಾಹನಗಳು ಇರುವುದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ದಾಟಿ ಆಚೆ ಹೋಗಿ ಟ್ಯಾಕ್ಸಿ ಹಿಡಿಯಬೇಕು.

“ನೀವು ನನ್ನ ಹಿಡ್ಕೊಳ್ಳಿ,” ಎಂದೆ.

“ಒಂದು ಕಣ್ಣಿನವರನ್ನ ಹಿಡ್ಕೊಂಡು ಎಲ್ಲಿಗೆ ಹೋಗಲಿ? ನೀವೇ ನನ್ನ ಹಿಡ್ಕೊಳ್ಳಿ.”

“ಒಂದು ಕಾಲಿನವರನ್ನ ಹಿಡ್ಕೊಂಡು ಎಲ್ಲಿಗೆ ಹೋಗಲಿ?”

ಯಾರೂ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಯ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತೆವು, ಕಣ್ಣು ಮುಚ್ಚಿಕೊಂಡು. ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಕೂತಿತ್ತು. ಆಮೇಲೆ ಅತ್ತೆ ಹೇಳಿದರು:

“ನಿನ್ನೆ ಮಗ ಫೋನ್ ಮಾಡಿದ್ದ. ಭಾನುವಾರ ಬಂದು ಕರ್ಕೊಂಡು ಹೋಗ್ತಾನಂತೆ. ಕಾಲು ವಾಸಿಯಾಗ್ತಾ ಬಂತಲ್ಲ.”

ಭಾವಮೈದನ ಮನೆ ದೂರ. ಅಲ್ಲಿ ಅವನಿಗೂ ಅವನ ಹೆಂಡತಿಗೂ ಬಿಡುವಿಲ್ಲ. ಬೆರಳ ಸಂದಿಯೆಲ್ಲ ದಿನಾ ಯಾರು ನೋಡುತ್ತಾರೆ? ಆದರೆ ಅದು ನನ್ನ ತಲೆಬಿಸಿಯಲ್ಲ. ಕಣ್ಣಿನ ವಿಷಯ ಒಂದಿತ್ತು, ಅದನ್ನಷ್ಟೇ ಹೇಳಿದೆ.

“ಮುಂದಿನ ತಪಾಸಣೆ ಮುಗಿಸಿಕೊಂಡು ಹೋಗಿ.”

“ಅದಕ್ಕೆ ಇನ್ನೂ ಆರು ತಿಂಗಳಿದೆಯಲ್ಲ!”

“ಇದೆ,” ಎಂದೆ.

ಅತ್ತೆ ಊರುಗೋಲನ್ನು ಆ ಕಡೆಯಿಂದ ಈ ಕಡೆಗೆ ತೆಗೆದಿಟ್ಟುಕೊಂಡರು. ಬಿಸಿಲು ಎದುರಿನ ಕಟ್ಟಡದ ಹಿಂದಕ್ಕೆ ಸರಿದು ರಸ್ತೆಗೆ ನೆರಳು ಬಂತು. ಆಚೆ ಬದಿಯ ಟ್ಯಾಕ್ಸಿಗಳು ಒಂದೊಂದಾಗಿ ಕಾಣತೊಡಗಿದವು. ದಾಟಬಹುದಿತ್ತು. ಇಬ್ಬರೂ ಏಳಲಿಲ್ಲ.